ಮೊದಲು ಹೊಸ್ತಿಲು ಅಳೆಯಿರಿ, ಮೇಷ್ಟ್ರೇ

ಪ್ರಶ್ನೆ: ಮಂಡ್ಯದಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ ನಾನು. 30-40ರ ನಿವೇಶನದಲ್ಲಿ ನಲವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆ. ನಡುಮನೆಗೂ ಎರಡು ಕೋಣೆಗಳಿಗೂ ಕೆಂಪು ಗಾರೆ ನೆಲ, ಅಡುಗೆಮನೆಗೆ ಕಪ್ಪು ಕಡಪ ಕಲ್ಲು, ಈಚೆಗೆ ಮುಂದಕ್ಕೆ ಹಿಗ್ಗಿಸಿದ ಹಜಾರಕ್ಕೆ ಟೈಲ್ಸ್. ಹೆಂಡತಿಗೆ ಮಂಡಿನೋವು, ಬಗ್ಗಿ ಕಸ ಗುಡಿಸಲು ಆಗುವುದಿಲ್ಲ. 84 ವರ್ಷದ ತಾಯಿ ನಮ್ಮ ಜೊತೆಯಲ್ಲಿದ್ದಾರೆ. ಮನೆಗೆಲಸದಾಕೆ ವಾರಕ್ಕೆ ಮೂರು ದಿನ ಬರುತ್ತಾರೆ. ಅಮೆರಿಕದ ಡಲ್ಲಾಸ್‌ನಲ್ಲಿರುವ ಮಗಳು ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ಕೊಡಿಸುತ್ತೇನೆ, ಬರುವಾಗ ಅಲ್ಲಿಂದಲೇ ತರುತ್ತೇನೆ ಎನ್ನುತ್ತಾಳೆ. ಅಳಿಯಂದಿರು ಹೀರುವ ಶಕ್ತಿ ಹತ್ತು ಸಾವಿರ ಪಾಸ್ಕಲ್‌ಗಿಂತ ಕಡಿಮೆಯದು ಬೇಡವೇ ಬೇಡ ಎನ್ನುತ್ತಾರೆ. 35,000 ರೂಪಾಯಿ ಮೀರಬಾರದು ಎಂಬುದು ನನ್ನ ಹಟ. ನೆಲ ಒರೆಸುವ ಕೆಲಸವೂ ಅದರಿಂದ ಆಗುತ್ತದೆಯೇ? ಕೆಲಸದಾಕೆಯನ್ನು ಬಿಡಿಸಬಹುದೇ? ಯಾವುದನ್ನು ಕೊಳ್ಳಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಪಾಸ್ಕಲ್ ಇದೆ, ಡಲ್ಲಾಸ್ ಇದೆ, ಬಜೆಟ್ ಇದೆ. ನಡುಮನೆಯಿಂದ ಕೋಣೆಗೆ ದಾಟುವ ಹೊಸ್ತಿಲಿನ ಎತ್ತರ ಒಂದನ್ನು ಬರೆಯಲು ಮರೆತಿದ್ದೀರಿ. ನನ್ನ ಉತ್ತರದ ಮುಕ್ಕಾಲು ಪಾಲು ನಿಂತಿರುವುದು ಅದರ ಮೇಲೆಯೇ. ಮೈಸೂರಿನಲ್ಲಿ ಮಿಕ್ಸಿ, ಗ್ರೈಂಡರ್, ವ್ಯಾಕ್ಯೂಮ್ ಕ್ಲೀನರ್‌ಗಳ ರಿಪೇರಿಗೆ ಕುಳಿತು ಇಪ್ಪತ್ತೆರಡು ವರ್ಷವಾಯಿತು. ದುಂಡಗಿನ ಈ ರೋಬೋಗಳು ನನ್ನ ಮೇಜಿಗೆ ಬರತೊಡಗಿದ್ದು 2020ರ ಲಾಕ್‌ಡೌನ್ ಕಳೆದ ಮೇಲೆ. ಕೆಲಸದವರು ಬರಲಾಗದ ಆ ದಿನಗಳಲ್ಲಿ ಆತುರಾತುರವಾಗಿ ಕೊಂಡವರು ಬಹಳ. ಸರಿಯಾಗಿ ಓಡುತ್ತಿಲ್ಲ ಎಂದು ತಂದುಕೊಡುವ ಯಂತ್ರಗಳಲ್ಲಿ ಅರ್ಧದಷ್ಟಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ. ಮನೆಗೂ ಯಂತ್ರಕ್ಕೂ ಜಾತಕ ಕೂಡಿಬಂದಿರುವುದಿಲ್ಲ, ಅಷ್ಟೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ಮನೆಯೊಳಗೇ ಒಂದು ಸುತ್ತು ಬನ್ನಿ. ಈ ಯಂತ್ರಗಳಲ್ಲಿ ಹೆಚ್ಚಿನವು 2 ಸೆಂಟಿಮೀಟರ್ ಎತ್ತರದ ಅಡ್ಡಿಯನ್ನು ಹತ್ತಿ ಇಳಿಯುತ್ತವೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಹೆಬ್ಬೆರಳನ್ನು ಅಡ್ಡಲಾಗಿ ಇಟ್ಟರೆ ಎಷ್ಟೋ ಸುಮಾರು ಅಷ್ಟು. ಅದೂ ಅಂಚು ದುಂಡಗಿದ್ದರೆ ಮಾತ್ರ. ನಮ್ಮ ಕಡೆಯ ಹಳೆಯ ಮನೆಗಳ ಹೊಸ್ತಿಲಿಗೆ ಅಂಚು ಚೂಪಾಗಿ ನೇರವಾಗಿರುತ್ತದೆ, ಎತ್ತರವೂ ಒಂದೂವರೆ ಎರಡು ಅಂಗುಲ ಇರುವುದುಂಟು. ಅಂಥ ಹೊಸ್ತಿಲಿಗೆ ಯಂತ್ರ ಎರಡು ಸಲ ಮೂತಿ ತಾಗಿಸಿ ನೋಡುತ್ತದೆ, ಅದನ್ನು ಗೋಡೆಯೆಂದು ತಿಳಿದು ಹಿಂದಿರುಗುತ್ತದೆ. ಇನ್ನೂ ಕೆಟ್ಟದ್ದು ಅರ್ಧ ಹತ್ತಿ ಹೊಟ್ಟೆಯ ಮೇಲೆ ಸಿಕ್ಕಿಕೊಳ್ಳುವುದು. ಚಕ್ರ ಗಾಳಿಯಲ್ಲಿ ತಿರುಗುತ್ತಾ, ಇಂಗ್ಲಿಷಿನಲ್ಲಿ ಸಹಾಯ ಬೇಡುತ್ತಾ, ಬ್ಯಾಟರಿ ಮುಗಿಯುವವರೆಗೆ ಅಲ್ಲೇ ಇರುತ್ತದೆ. ಚಕ್ರವನ್ನೇ ಮೇಲೆತ್ತಿ 4 ಸೆಂಟಿಮೀಟರ್‌ವರೆಗೆ ದಾಟುವ ಹೊಸ ಮಾದರಿಗಳು ಬಂದಿವೆ. ಅವುಗಳ ಬೆಲೆ ನಿಮ್ಮ ಹಟಕ್ಕೆ ಒಗ್ಗುವುದಿಲ್ಲ.

ಹೊಸ್ತಿಲು ಎತ್ತರವಿದ್ದರೆ ಯೋಚನೆ ಬಿಡಬೇಕಾಗಿಲ್ಲ, ಬಡಗಿಯನ್ನು ಕರೆಸಿ. 3 ಸೆಂಟಿಮೀಟರ್ ಎತ್ತರದ ಹೊಸ್ತಿಲಿಗೆ 15 ಸೆಂಟಿಮೀಟರ್ ಉದ್ದದ ಇಳಿಜಾರಿನ ಮರದ ತುಂಡನ್ನು ಎರಡೂ ಬದಿಗೆ ಮಾಡಿಸಿದರೆ ಏರು ಸುಮಾರು 11 ಡಿಗ್ರಿ ಆಗುತ್ತದೆ. ಅಷ್ಟನ್ನು ಸಾಮಾನ್ಯ ಯಂತ್ರವೂ ಏರುತ್ತದೆ. ಒಂದು ಎಚ್ಚರಿಕೆ: ತುಂಡು ಬಾಗಿಲಿನ ಪೂರ್ತಿ ಅಗಲಕ್ಕೆ ಇರಬೇಕು, ನೆಲಕ್ಕೆ ಅಂಟಿರಬೇಕು, ಮೇಲೆ ಪಾಲಿಷ್ ಬೇಡ. ಯಂತ್ರಕ್ಕೆ ದಾರಿ ಮಾಡಲು ಹೋಗಿ ತಾಯಿಯವರ ಕಾಲಿಗೆ ಎಡವಟ್ಟು ಮಾಡಿಕೊಂಡಂತೆ ಆಗಬಾರದು. ದೇವರ ಕೋಣೆಯ ಹೊಸ್ತಿಲಿಗೂ ತಲೆಬಾಗಿಲಿನ ಹೊಸ್ತಿಲಿಗೂ ಇದನ್ನು ಮಾಡಿಸಬೇಡಿ. ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲಿನ ಮೇಲೆ ಚಕ್ರ ಉರುಳಿದರೆ ಆ ಬಣ್ಣ ನಡುಮನೆಯ ತುಂಬಾ ಬರೆ ಎಳೆಯುತ್ತದೆ. ಅದರ ಮೇಲೆ ಮನೆಯವರಿಂದ ನೀವು ಕೇಳುವ ಮಾತಿಗೆ ನನ್ನಲ್ಲಿ ರಿಪೇರಿ ಇಲ್ಲ. ದೇವರ ಕೋಣೆಗೆ ಪೊರಕೆಯೇ ಇರಲಿ. ನೆಲದ ಮೇಲಿನ ದೀಪಕ್ಕೆ ಈ ಯಂತ್ರ ಡಿಕ್ಕಿ ಹೊಡೆಯುವುದನ್ನು ನಾನು ಊಹಿಸಿಕೊಳ್ಳಲೂ ಇಷ್ಟಪಡುವುದಿಲ್ಲ.

ಟೇಪು ಕೈಯಲ್ಲಿರುವಾಗಲೇ ಮಂಚ, ದಿವಾನ, ಬೀರುವಿನ ಕೆಳಗಿನ ಸಂದನ್ನೂ ಅಳೆಯಿರಿ. ತಲೆಯ ಮೇಲೆ ಲೇಸರ್ ಗುಬುಟು ಇರುವ ಯಂತ್ರಗಳು ಒಂಬತ್ತೂವರೆಯಿಂದ ಹತ್ತು ಸೆಂಟಿಮೀಟರ್ ಎತ್ತರ ಇರುತ್ತವೆ. ಗುಬುಟು ಇಲ್ಲದವು ಎಂಟರ ಆಸುಪಾಸು. ಹಳೆಯ ಸಾಗುವಾನಿ ಮಂಚದ ಕೆಳಗೆ ಹಸುವಿನ ಕರುವೇ ಮಲಗಬಹುದು, ತೊಂದರೆಯಿಲ್ಲ. ಕಷ್ಟ ಕೊಡುವುದು ಬೀರು. ಸಂದು ಸರಿಯಾಗಿ ಹತ್ತು ಸೆಂಟಿಮೀಟರ್ ಇದ್ದರೆ ಯಂತ್ರ ಒಳಗೆ ನುಗ್ಗಿ ಬೆಣೆ ಬಡಿದಂತೆ ಕೂರುತ್ತದೆ. ಬೀರುವಿನ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿ, ಇಲ್ಲವೇ ಮುಂಭಾಗಕ್ಕೆ ಒಂದು ಪಟ್ಟಿ ಹೊಡೆಸಿ ಮುಚ್ಚಿಬಿಡಿ.

ಇನ್ನು ಅಡುಗೆಮನೆಯ ಕಡಪ ಕಲ್ಲು. ಮೆಟ್ಟಿಲಿನಿಂದ ಉರುಳಿ ಬೀಳದಿರಲೆಂದು ಈ ಯಂತ್ರಗಳ ಹೊಟ್ಟೆಯ ಅಂಚಿನಲ್ಲಿ ನಾಲ್ಕಾರು ಪುಟ್ಟ ಕಣ್ಣುಗಳಿವೆ. ಅವು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಕೆಳಕ್ಕೆ ಬಿಟ್ಟು, ನೆಲಕ್ಕೆ ಬಡಿದು ಹಿಂದಿರುಗಿದರೆ ಮುಂದೆ ಹೋಗುತ್ತವೆ, ಹಿಂದಿರುಗದಿದ್ದರೆ ಹಳ್ಳವಿದೆ ಎಂದು ನಿಲ್ಲುತ್ತವೆ. ಕಡುಕಪ್ಪು ನೆಲ ಬೆಳಕನ್ನು ನುಂಗಿಬಿಡುವುದುಂಟು. ಆಗ ಯಂತ್ರಕ್ಕೆ ನಿಮ್ಮ ಅಡುಗೆಮನೆ ಒಂದು ಬಾವಿ. ಬಾಗಿಲಲ್ಲಿ ನಿಂತು ಇಣುಕಿ ಹಿಂದೆ ಸರಿಯುತ್ತದೆ. ಎಲ್ಲ ಯಂತ್ರಗಳೂ ಹೀಗೆ ಮಾಡುವುದಿಲ್ಲ, ಎಲ್ಲ ಕಪ್ಪು ಕಲ್ಲುಗಳೂ ಬೆಳಕನ್ನು ಒಂದೇ ರೀತಿ ನುಂಗುವುದಿಲ್ಲ. ಕೊಂಡು ಓಡಿಸಿ ನೋಡಿದರೇ ಗೊತ್ತಾಗುವುದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಕಣ್ಣುಗಳಿಗೆ ಬಿಳಿ ಕಾಗದ ಅಂಟಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸರಿಹೋಗುತ್ತದೆ ನಿಜ, ಆಮೇಲೆ ಅದು ಹಿತ್ತಿಲಿನ ಮೆಟ್ಟಿಲನ್ನೂ ನೆಲವೆಂದೇ ನಂಬುತ್ತದೆ.

ಯಂತ್ರ ದಾರಿ ಕಂಡುಕೊಳ್ಳುವ ಬಗೆಯಲ್ಲಿ ಜಿಪುಣತನ ಬೇಡ. 2002ರಲ್ಲಿ ಅಮೆರಿಕದ ಐರೋಬೋಟ್ ಕಂಪನಿ ರೂಂಬಾ ಹೊರತಂದಾಗ ಅದು ಗೊತ್ತುಗುರಿಯಿಲ್ಲದೆ ಓಡುತ್ತಿತ್ತು. ಗೋಡೆಗೆ ತಾಗಿದರೆ ತಿರುಗು, ಮತ್ತೆ ಓಡು. ಕೋಣೆ ಕಡೆಗೂ ಶುದ್ಧವಾಗುತ್ತಿತ್ತು, ಆದರೆ ಅದೇ ಜಾಗಕ್ಕೆ ಹತ್ತು ಸಲ ಹೋಗಿ, ಒಂದು ಮೂಲೆಗೆ ಒಮ್ಮೆಯೂ ಹೋಗದೆ. ಇಂದಿಗೂ ಅಗ್ಗದ ಯಂತ್ರಗಳು ಹೀಗೆಯೇ, ಅಥವಾ ಜೈರೋ ಎಂಬ ದಿಕ್ಕು ಹಿಡಿಯುವ ಚಿಪ್ಪಿನ ನೆಚ್ಚಿಕೆಯಲ್ಲಿ ಅಂದಾಜಿಗೆ ಗೆರೆ ಹೊಡೆಯುತ್ತವೆ. 2010ರ ಸುಮಾರಿಗೆ ಲೇಸರ್ ಬಳಸುವವು ಬಂದವು. ತಲೆಯ ಮೇಲಿನ ಗುಬುಟು ಗಿರಗಿರನೆ ತಿರುಗುತ್ತಾ ಗೋಡೆ, ಕುರ್ಚಿಯ ಕಾಲು, ಕಂಬ ಎಲ್ಲದರ ದೂರವನ್ನೂ ಅಳೆದು ನಕ್ಷೆ ಬರೆದುಕೊಳ್ಳುತ್ತದೆ. ಇದನ್ನೇ ಲೈಡಾರ್ ಎನ್ನುವುದು. ಉತ್ತಿದ ಗದ್ದೆಯ ಸಾಲಿನಂತೆ ಒಂದರ ಪಕ್ಕ ಒಂದು ಗೆರೆ ಹಿಡಿದು ಹೋಗುತ್ತದೆ, ಕತ್ತಲಲ್ಲೂ ಹೋಗುತ್ತದೆ. ಹದಿನೈದು ಇಪ್ಪತ್ತು ಸಾವಿರದ ಆಸುಪಾಸಿನಲ್ಲೇ ಈಗ ಲೈಡಾರ್ ಸಿಗುವಾಗ ಇನ್ನೊಂದರ ಕಡೆ ನೋಡಲೇಬೇಡಿ. ನೆಲಮಟ್ಟದ ನಿಲುವುಗನ್ನಡಿ ಇದ್ದರೆ ಮಾತ್ರ ಲೇಸರ್ ಮೋಸ ಹೋಗುತ್ತದೆ, ಕನ್ನಡಿಯೊಳಗೆ ಇನ್ನೊಂದು ಕೋಣೆಯಿದೆ ಎಂದು ನಕ್ಷೆಯಲ್ಲಿ ಬರೆಯುತ್ತದೆ.

ನಕ್ಷೆಯ ದೊಡ್ಡ ಲಾಭವೆಂದರೆ ಇಲ್ಲಿಗೆ ಕಾಲಿಡಬೇಡ ಎಂದು ಮೊಬೈಲಿನಲ್ಲಿ ಬೆರಳಲ್ಲೇ ಒಂದು ಚೌಕ ಎಳೆಯಬಹುದು. ಕುವೆಂಪುನಗರದ ಒಬ್ಬ ತಾಯಿ ದಸರೆ ಬಂದರೆ ಯಂತ್ರವನ್ನು ಒಂಬತ್ತು ದಿನ ಅಟ್ಟದ ಮೇಲೆ ಇಡುತ್ತಿದ್ದರು, ಗೊಂಬೆ ಕೂರಿಸಿದ ಮೆಟ್ಟಿಲಿಗೆ ತಾಗಿ ಪಟ್ಟದ ಗೊಂಬೆ ಉರುಳೀತೆಂದು. ಚೌಕ ಎಳೆಯುವುದನ್ನು ತೋರಿಸಿಕೊಟ್ಟ ಮೇಲೆ ಅದು ಗೊಂಬೆಗಳ ಸುತ್ತ ಪ್ರದಕ್ಷಿಣೆ ಹಾಕಿಕೊಂಡು ಹೋಗುತ್ತಿದೆ.

ಈಗ ಅಳಿಯಂದಿರ ಹತ್ತು ಸಾವಿರ ಪಾಸ್ಕಲ್. ಮದ್ದೂರಿನ ಎಳನೀರು ನೀವು ಕುಡಿಯದೇ ಇರಲಾರಿರಿ. ಬುರುಡೆಗೆ ಕೊಳವೆ ಇಳಿಸಿ, ಅದರ ತುದಿ ಒಳಗಿನ ಗಂಜಿಗೆ ಒತ್ತಿಕೊಳ್ಳುವಂತೆ ಹಿಡಿದು ಹೀರಿ ನೋಡಿ. ಕೆನ್ನೆ ಒಳಕ್ಕೆ ಹೋಗುತ್ತದೆ, ದವಡೆ ನೋಯುತ್ತದೆ, ಒಂದು ಹನಿ ನೀರೂ ಬರುವುದಿಲ್ಲ. ಆ ಹೊತ್ತಿಗೆ ನಿಮ್ಮ ಬಾಯಲ್ಲಿರುವುದೇ ಪಾಸ್ಕಲ್ಲು, ಬಾಯಿ ಮುಚ್ಚಿದ ಕೊಳವೆಯಲ್ಲಿ ಹುಟ್ಟುವ ಎಳೆತ. ಕೊಳವೆಯನ್ನು ಅರ್ಧ ಅಂಗುಲ ಮೇಲೆತ್ತಿದರೆ ಎಳೆತ ಇಳಿಯುತ್ತದೆ, ನೀರು ಗಟಗಟನೆ ಬರುತ್ತದೆ. ಕಸವನ್ನು ಡಬ್ಬಿಗೆ ಹೊತ್ತೊಯ್ಯುವುದು ಈ ಹರಿವು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಎಳೆತವನ್ನು, ಹರಿವಿನ ಅಂಕಿಯನ್ನು ಹೆಚ್ಚಿನವರು ಹಾಕುವುದೇ ಇಲ್ಲ. ದಪ್ಪ ರತ್ನಗಂಬಳಿಯ ಎಳೆಗಳ ನಡುವೆ ಕೂತ ದೂಳನ್ನು ಕೀಳಲು ಎಳೆತ ಬೇಕು, ಡಲ್ಲಾಸ್‌ನ ಮನೆಗಳಲ್ಲಿ ಅಂಥ ನೆಲ ಸಾಮಾನ್ಯ. ನಿಮ್ಮ ಗಾರೆ ನೆಲಕ್ಕೂ ಟೈಲ್ಸಿಗೂ ಮೂರು ನಾಲ್ಕು ಸಾವಿರ ಪಾಸ್ಕಲ್ ಧಾರಾಳವಾಯಿತು. ನನ್ನ ಮನೆಯಲ್ಲಿರುವುದು ಅಷ್ಟೂ ಇಲ್ಲ, 2,700. ಅದೂ ಹೆಚ್ಚಿನ ದಿನ ಮೆಲ್ಲಗಿನ ವೇಗದಲ್ಲೇ ಓಡುತ್ತದೆ.

ಬ್ಯಾಟರಿಯ ವಿಷಯದಲ್ಲೂ ಇದೇ ಲೆಕ್ಕ. 30-40ರಲ್ಲಿ ಗೋಡೆ, ಬಚ್ಚಲು, ಮಂಚ, ಬೀರು ಕಳೆದರೆ ಯಂತ್ರ ಓಡಾಡುವ ಜಾಗ 600 ಚದರ ಅಡಿ ಉಳಿಯಬಹುದು, ಅಂದರೆ ಸುಮಾರು 56 ಚದರ ಮೀಟರ್. ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ಎಂದು ಹಿಡಿಯಿರಿ. ಒಂದು ಗಂಟೆಯ ಕೆಲಸ. ಮೂರು ಗಂಟೆ ಓಡುವ ಬ್ಯಾಟರಿಗೆ ಹೆಚ್ಚಿನ ದುಡ್ಡು ಕೊಡಬೇಕಾದ್ದಿಲ್ಲ.

ಪಾಸ್ಕಲ್ ನೋಡುವ ಕಣ್ಣಲ್ಲಿ ಬ್ರಷ್ ನೋಡಿದ್ದರೆ ನನ್ನ ಅರ್ಧ ಗಿರಾಕಿಗಳು ನನ್ನ ಬಳಿಗೆ ಬರುತ್ತಲೇ ಇರಲಿಲ್ಲ. ಹೋದ ತಿಂಗಳು ಅಗ್ರಹಾರದ ಒಂದು ಮನೆಯಿಂದ ಯಂತ್ರ ಬಂತು, ಬ್ರಷ್ ತಿರುಗುತ್ತಿಲ್ಲ ಎಂಬ ದೂರು. ಮಗುಚಿ ಹಾಕಿ, ಮುಚ್ಚಳ ತೆಗೆದು, ಉರುಳೆಯನ್ನು ಹೊರಗೆಳೆದೆ. ಎರಡೂ ತುದಿಯಲ್ಲಿ ಕೂದಲು ಉಂಗುರದಂತೆ ಬಿಗಿದು, ಅದರ ಬಿಸಿಗೆ ಪ್ಲಾಸ್ಟಿಕ್ಕು ಕರಗಿ ಗಾಜಿನಂತಾಗಿತ್ತು. ಬ್ಲೇಡಿನಲ್ಲಿ ಸೀಳಿ ಸುತ್ತು ಸುತ್ತಾಗಿ ಬಿಡಿಸುತ್ತಾ ಹೋದಂತೆ ಕೂದಲಿನ ಒಳಗೆ ಹೂ ಕಟ್ಟಿದ ಬಾಳೆನಾರು, ನಾರಿನೊಳಗೆ ಒಣಗಿ ಕಂದಾದ ಮಲ್ಲಿಗೆಯ ಮೊಗ್ಗು, ಅದರ ಕೆಳಗೆ ಹೂಬತ್ತಿಯ ಹತ್ತಿ, ತೆಂಗಿನ ಜುಂಗು. ಆ ಮನೆಯ ವರ್ಷದ ಪಂಚಾಂಗವೇ ಅಲ್ಲಿತ್ತು. ದೂಳಿನ ಡಬ್ಬಿಯನ್ನು ಹಳೆಯ ಪತ್ರಿಕೆಯ ಮೇಲೆ ಕೊಡವಿದರೆ ಟಣ್ ಎಂದು ಒಂದು ಚಿನ್ನದ ಗುಂಡು ಬಿತ್ತು, ಕರಿಮಣಿ ಸರದ್ದು. ಫೋನು ಮಾಡಿದಾಗ ಆ ತಾಯಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಒಂದೂವರೆ ತಿಂಗಳು ಹುಡುಕಿದ್ದರಂತೆ.

ಹಾಗಾಗಿ ಕೊಳ್ಳುವಾಗ ಯಂತ್ರವನ್ನು ಮಗುಚಿ ನೋಡಿ. ಕೂದಲಿನ ಕುಚ್ಚಿನಂಥ ಬ್ರಷ್‌ಗಿಂತ ರಬ್ಬರಿನ ರೆಕ್ಕೆಗಳಿರುವ ಉರುಳೆ ಒಳ್ಳೆಯದು, ಕೂದಲು ಸುತ್ತುವುದು ಕಡಿಮೆ. ಉರುಳೆಯ ತುದಿಯ ಟೋಪಿ ಬಿಚ್ಚುವಂತಿರಬೇಕು, ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಗಬಾರದು. ವಾರಕ್ಕೊಮ್ಮೆ ಬಿಚ್ಚಿ ಕೂದಲು ತೆಗೆಯುವುದು ನಿಮ್ಮ ಕೆಲಸ, ಮೇಷ್ಟ್ರೇ. ಮಂಡಿನೋವು ಮನೆಯವರಿಗೆ ತಾನೆ.

ರಂಗೋಲಿ ಪುಡಿಯನ್ನು ಯಂತ್ರದಿಂದ ಎಳೆಸಬೇಡಿ. ಕಲ್ಲಿನ ಆ ನುಣ್ಣನೆಯ ಪುಡಿ ಫಿಲ್ಟರಿನ ಮಡಿಕೆಗಳಲ್ಲಿ ಸುಣ್ಣ ಬಳಿದಂತೆ ಕೂತುಬಿಡುತ್ತದೆ. ಆಮೇಲೆ ಹತ್ತು ಸಾವಿರ ಪಾಸ್ಕಲ್ ಇದ್ದರೂ ಎಳನೀರಿನ ಕೊಳವೆಯ ಕಥೆಯೇ. ಊದುಬತ್ತಿಯ ಬೂದಿಯೂ ಹಾಗೆಯೇ. ಮಂಡ್ಯದವರಿಗೆ ಇನ್ನೊಂದು ಹೆಚ್ಚುವರಿ ಬಳುವಳಿ ಇದೆ: ಕಬ್ಬಿನ ತರಗು ಸುಡುವ ದಿನಗಳಲ್ಲಿ ಗಾಳಿಯಲ್ಲಿ ತೇಲಿ ಬರುವ ಕರಿ. ಅದು ಹಗುರ, ಎಳೆತಕ್ಕೆ ಸಲೀಸಾಗಿ ಸಿಗುತ್ತದೆ. ಆದರೆ ಒದ್ದೆ ಬಟ್ಟೆ ತಾಗಿತೋ, ಕಾಡಿಗೆ ಹಚ್ಚಿದಂತೆ ನೆಲದ ಉದ್ದಕ್ಕೂ ಬಳಿದುಕೊಳ್ಳುತ್ತದೆ. ಗುಡಿಸುತ್ತಲೇ ಒರೆಸುವ ವ್ಯವಸ್ಥೆ ಬಹಳ ಯಂತ್ರಗಳಲ್ಲಿದೆ. ನೀವು ಅದನ್ನು ಬಿಟ್ಟು, ಮೊದಲು ಪೂರ್ತಿ ಮನೆ ಗುಡಿಸಿ ಆಮೇಲೆ ಒರೆಸುವ ಆಯ್ಕೆ ಇರುವುದನ್ನೇ ಕೇಳಿ ಪಡೆಯಿರಿ.

ಒರೆಸುವುದು ಆಗುತ್ತದೆಯೇ ಎಂದಿರಿ. ಅರ್ಧ ಆಗುತ್ತದೆ. ಒದ್ದೆ ಬಟ್ಟೆಯನ್ನು ಹಿಂದೆ ಕಟ್ಟಿಕೊಂಡು ಎಳೆದಾಡುವ ಯಂತ್ರಗಳು ದಿನದ ತೆಳು ದೂಳನ್ನು ತೆಗೆಯುತ್ತವೆ, ಬಿದ್ದು ಒಣಗಿದ ಸಾರಿನ ಕಲೆಯನ್ನು ಅಲ್ಲ. ಎರಡು ದುಂಡನೆಯ ಬಟ್ಟೆಗಳನ್ನು ಒತ್ತಿ ತಿರುಗಿಸುವವು ಇನ್ನೂ ವಾಸಿ. ಅವೂ ಒಂದು ಕಲೆಯ ಮುಂದೆ ಕೂತು ಉಜ್ಜುವ ಕೈಗೆ ಸಮವಲ್ಲ, ಗೋಡೆಯ ಬುಡದ ಒಂದು ಬೆರಳಗಲ ಉಳಿಯುತ್ತದೆ. ಕೆಂಪು ಗಾರೆ ನೆಲಕ್ಕೆ ಮಾತ್ರ ಈ ಮೆಲುಗೈ ಹೇಳಿ ಮಾಡಿಸಿದಂತಿದೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ ಉಜ್ಜಿ ಉಜ್ಜಿ ಹೊಳಪು ತಂದ ಆ ನೆಲ ನಲವತ್ತು ವರ್ಷ ಕಾಲು ತಾಗಿ ತಾಗಿ ಕನ್ನಡಿಯಾಗಿರುತ್ತದೆ. ಅದಕ್ಕೆ ಬೇಡದ್ದು ಎರಡೇ, ಆಸಿಡ್ ಮತ್ತು ಮರಳು. ಮೊದಲು ಮರಳು ತೆಗೆದು, ಬರೀ ನೀರಿನ ಬಟ್ಟೆ ಆಡಿಸಿದರೆ ಸಾಕು. ಮೊದಲ ಕೆಲವು ದಿನ ಬಿಳಿಯ ಬಟ್ಟೆ ಕೆಂಪಾಗಿ ಬರಬಹುದು, ಗಾಬರಿಯಾಗಬೇಡಿ, ಹಳೆಯ ನೆಲ ಸ್ವಲ್ಪ ಬಣ್ಣ ಬಿಡುತ್ತದೆ. ಹೊಳಪಿಗೆಂದು ತೆಂಗಿನೆಣ್ಣೆ ಒರೆಸುವ ರೂಢಿ ಇದ್ದರೆ ಆ ದಿನ ಯಂತ್ರಕ್ಕೆ ರಜೆ ಕೊಡಿ, ಚಕ್ರ ಜಾರುತ್ತದೆ.

ಯಂತ್ರದ ನೀರಿನ ತೊಟ್ಟಿಗೆ ಫಿನಾಯಿಲ್ ಹಾಕಬೇಡಿ. ಎಷ್ಟು ಹೇಳಿದರೂ ಕೇಳದೆ ಹಾಕಿ, ಪಂಪಿನ ರಬ್ಬರ್ ಉಬ್ಬಿಸಿಕೊಂಡು, ಗ್ಯಾರಂಟಿಯನ್ನೂ ಕಳೆದುಕೊಂಡು ಬಂದವರನ್ನು ನಾನು ಬಲ್ಲೆ. ಕೊಳವೆಬಾವಿಯ ಗಡಸು ನೀರೂ ಬೇಡ. ಗೀಸರಿನ ಕಾಯಿಲ್ ಮೇಲೆ ಬಿಳಿ ಕಲ್ಲು ಕಟ್ಟುತ್ತದಲ್ಲ, ಅದೇ ಇದರ ಸೂಜಿರಂಧ್ರದಲ್ಲಿ ಕಟ್ಟುತ್ತದೆ. ಕಾವೇರಿ ನೀರು ಬಂದಾಗ ಎರಡು ಬಾಟಲಿ ಹಿಡಿದಿಟ್ಟುಕೊಳ್ಳಿ, ಒಂದು ಸಲಕ್ಕೆ ಬೇಕಾಗುವುದು ಕಾಲು ಲೀಟರಿನ ಸುಮಾರು. ಓಟ ಮುಗಿದ ಮೇಲೆ ಬಟ್ಟೆ ಬಿಚ್ಚಿ ತೊಳೆದು ಬಿಸಿಲಿಗೆ ಹಾಕಿ. ಅದನ್ನು ಯಂತ್ರದಲ್ಲೇ ಬಿಟ್ಟರೆ ಎರಡನೆಯ ದಿನಕ್ಕೆ ಮನೆಯೆಲ್ಲ ಮುಗ್ಗಲು.

ಈಗ ನಾನು ನನ್ನ ಮಾತನ್ನೇ ಮುರಿಯಬೇಕಾದ ಜಾಗ ಬಂತು. ದೂಳನ್ನು ತಾನೇ ಹೀರಿ ದೊಡ್ಡ ಚೀಲಕ್ಕೆ ತುಂಬಿಕೊಳ್ಳುವ ನಿಲ್ದಾಣ ಎಂಬುದೊಂದಿದೆ. ಯಂತ್ರ ಬಂದು ಅದಕ್ಕೆ ಒರಗಿದರೆ ಹತ್ತಿಪ್ಪತ್ತು ಸೆಕೆಂಡು ಭರ್ರೆಂದು ಹೀರಿ ಮುಗಿಸುತ್ತದೆ. ನನ್ನ ಬಳಿ ಬಂದವರಿಗೆಲ್ಲ ಅದು ದುಡ್ಡಿಗೆ ದಂಡ, ಡಬ್ಬಿ ಕೊಡವಲು ಅರ್ಧ ನಿಮಿಷ ಸಾಕು ಎಂದು ಹೇಳುತ್ತಿದ್ದೆ. ಬಗ್ಗಲಾಗದವರ ಮನೆಗೆ ಈ ಮಾತು ಹೊಂದುವುದಿಲ್ಲ. ಪೊರಕೆ ಹಿಡಿದು ಬಗ್ಗಬಾರದೆಂದು ಯಂತ್ರ ತಂದು, ದಿನಾ ಡಬ್ಬಿ ತೆಗೆಯಲು ಬಗ್ಗಿದರೆ ಏನು ಬಂತು? ಚೀಲ ಎರಡೂವರೆ ಮೂರು ಲೀಟರಿನದು, ನಿಮ್ಮ ದೂಳಿಗೆ ತಿಂಗಳ ಮೇಲೆ ಬರುತ್ತದೆ. ಚೀಲಕ್ಕೆ ಮತ್ತೆ ಮತ್ತೆ ದುಡ್ಡು ಕೊಡಬೇಕು, ಆ ಖರ್ಚು ಒಪ್ಪಿಕೊಳ್ಳಿ. ಬಟ್ಟೆಯನ್ನೂ ತಾನೇ ತೊಳೆದು ಬಿಸಿಗಾಳಿಯಲ್ಲಿ ಒಣಗಿಸುವ ದೊಡ್ಡ ನಿಲ್ದಾಣಗಳು ನಿಮ್ಮ ಬಜೆಟ್ಟಿಗೆ ಸಿಗುವುದಿಲ್ಲ. ಸಿಕ್ಕರೂ ಅದರ ಕೊಳಕು ನೀರಿನ ತೊಟ್ಟಿ ಚೆಲ್ಲಲು ಮತ್ತೆ ಬಗ್ಗಬೇಕು.

ಮಗಳಿಗೆ ಹೇಳಿ, ಡಲ್ಲಾಸ್‌ನಿಂದ ಹೊತ್ತು ತರುವುದು ಬೇಡ. ಅಲ್ಲಿಯ ವಿದ್ಯುತ್ 120 ವೋಲ್ಟ್, ನಮ್ಮದು 230. ಬರೀ ಚಾರ್ಜ್ ಮಾಡುವ ಸಣ್ಣ ಅಡಾಪ್ಟರುಗಳು ಹೆಚ್ಚಾಗಿ 100ರಿಂದ 240ರವರೆಗೆ ತಡೆಯುತ್ತವೆ. ಆದರೆ ದೂಳು ಹೀರುವ ನಿಲ್ದಾಣದೊಳಗಿನ ಮೋಟಾರು ಆ ದೇಶದ ವೋಲ್ಟೇಜಿಗೇ ಸುತ್ತಿದ್ದು. ಇಲ್ಲಿ ಪ್ಲಗ್ ಹಾಕಿದ ಕ್ಷಣವೇ ಹೊಗೆ. ಅಂಥ ಒಂದು ನಿಲ್ದಾಣ ನನ್ನ ಅಂಗಡಿಯ ಮೂಲೆಯಲ್ಲಿ ಈಗ ಚಪ್ಪಲಿ ಸ್ಟ್ಯಾಂಡಿನ ಕೆಲಸ ಮಾಡುತ್ತಿದೆ. ಕೆಲವು ಕಂಪನಿಗಳ ಆ್ಯಪ್ ಬೇರೆ ದೇಶದಲ್ಲಿ ಕೊಂಡ ಯಂತ್ರವನ್ನು ಸೇರಿಸಿಕೊಳ್ಳುವುದೂ ಇಲ್ಲ, ಗ್ಯಾರಂಟಿಯೂ ದಾಟಿ ಬರುವುದಿಲ್ಲ. ಅಲ್ಲಿಂದಲೇ ಭಾರತದ ಜಾಲತಾಣದಲ್ಲಿ ಆರ್ಡರ್ ಮಾಡಿ ಮಂಡ್ಯದ ವಿಳಾಸ ಕೊಡಲಿ. ಕೊಡಿಸಿದ ಸಂತೋಷ ಅವಳಿಗೂ ಉಳಿಯುತ್ತದೆ, ಬಿಲ್ಲು ನಿಮ್ಮ ಹೆಸರಿಗೂ ಬರುತ್ತದೆ.

ಮನೆಯ ವೈಫೈ ವಿಷಯ ಚಿಕ್ಕದು: ಹೆಚ್ಚಿನ ಯಂತ್ರಗಳು 2.4 ಗಿಗಾಹರ್ಟ್ಸ್ ಜಾಲವನ್ನು ಮಾತ್ರ ಹಿಡಿಯುತ್ತವೆ, ಜೋಡಿಸುವಾಗ ಅದನ್ನು ಆರಿಸಿ. ಕರೆಂಟು ಹೋದರೆ ಯಂತ್ರ ಓಡುತ್ತಲೇ ಇರುತ್ತದೆ, ಆದರೆ ತನ್ನ ಗೂಡನ್ನು, ಅಂದರೆ ಚಾರ್ಜ್ ಆಗುವ ನಿಲ್ದಾಣವನ್ನು, ಕಂಡುಹಿಡಿಯುವುದು ಗೂಡು ಬೀರುವ ಅತಿಗೆಂಪು ಬೆಳಕಿನಿಂದ. ಗೂಡೇ ಆರಿದ್ದರೆ ಬಾಗಿಲು ತಿಳಿಯದ ಕುಡುಕನಂತೆ ಅದರ ಮುಂದೆಯೇ ಸುತ್ತುತ್ತದೆ. ಗೂಡಿನ ಪ್ಲಗ್ಗನ್ನು ಯುಪಿಎಸ್ ಸಾಲಿಗೆ ಕೊಡುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕೇಳಿ, ನಿಲ್ದಾಣದ ಮೋಟಾರು ಒಮ್ಮೆಗೇ ಬಹಳ ಎಳೆಯುತ್ತದೆ. ವಿದ್ಯುತ್ ಖರ್ಚು ತಿಂಗಳಿಗೆ ನಾಲ್ಕೈದು ಯೂನಿಟ್, ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವವರು ಮಾತ್ರ ಲೆಕ್ಕ ಹಾಕಬೇಕು. ಕ್ಯಾಮೆರಾ ಇರುವ ಮಾದರಿ ನಿಮಗೆ ಬೇಡ. ಪರೀಕ್ಷೆಯ ಹಂತದಲ್ಲಿದ್ದ ಯಂತ್ರಗಳು ಮನೆಯೊಳಗೆ, ಬಚ್ಚಲಿನಲ್ಲಿ ತೆಗೆದ ಚಿತ್ರಗಳು ಹೊರಗೆ ಸೋರಿದ್ದು 2022ರಲ್ಲಿ ಸುದ್ದಿಯಾಗಿತ್ತು. ಲೇಸರ್ ದೂರವನ್ನಷ್ಟೇ ಅಳೆಯುತ್ತದೆ, ಮುಖ ನೋಡುವುದಿಲ್ಲ.

ತಾಯಿಯವರ ವಿಷಯವನ್ನು ನೀವು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಯೋಚನೆ ಹುಟ್ಟಿಸಿದ್ದು ಅದೇ. ಹತ್ತು ಸೆಂಟಿಮೀಟರ್ ಎತ್ತರದ, ತಾನೇ ಚಲಿಸುವ ವಸ್ತು 84ರ ಕಣ್ಣಿಗೆ ಬೀಳುವುದು ತಡವಾಗಿ. ಅವರು ಬೆಳಿಗ್ಗೆ ಜಗಲಿಯಲ್ಲಿ ಕೂರುವ ಹೊತ್ತು ಇದ್ದೇ ಇರುತ್ತದೆ. ಆ ಒಂದು ಗಂಟೆಗೆ ಓಟದ ವೇಳೆ ಕಟ್ಟಿ. ರಾತ್ರಿ ಓಟ ಕೂಡದು, ನೀರು ಕುಡಿಯಲು ಎದ್ದವರು ಎಡವುತ್ತಾರೆ. ಒರೆಸಿದ ನೆಲ ಒಣಗುವವರೆಗೆ ಅವರನ್ನು ಜಗಲಿಯಲ್ಲೇ ಮಾತಿಗೆ ಕೂರಿಸಿಕೊಳ್ಳಿ. ನಿಲ್ದಾಣದ ಭರ್ರೆನ್ನುವ ಸದ್ದಿಗೆ ಬೆಚ್ಚಿಬೀಳದಂತೆ ಮೊದಲ ದಿನ ಎದುರಿಗೆ ಕೂರಿಸಿ ತೋರಿಸಿ. ಹಿರಿಯರು ಇದನ್ನು ಬೇಗ ಒಪ್ಪಿಕೊಳ್ಳುತ್ತಾರೆ ಎಂಬುದು ನಾನು ಕಂಡದ್ದು, ಹೆಸರೂ ಇಡುತ್ತಾರೆ. ಸರಸ್ವತೀಪುರಂನ ಒಂದು ಮನೆಯಲ್ಲಿ ಅದು ಆಮೆರಾಯ.

ಕೆಲಸದಾಕೆಯನ್ನು ಬಿಡಿಸಬೇಡಿ. ಬಚ್ಚಲು, ಮೆಟ್ಟಿಲು, ಅಂಗಳ, ದೇವರ ಕೋಣೆ, ಗೋಡೆಯ ಬುಡ, ಜೇಡರ ಬಲೆ, ಪಾತ್ರೆ, ಇವು ಯಾವುದನ್ನೂ ಯಂತ್ರ ಮುಟ್ಟುವುದಿಲ್ಲ. ಅವರು ಬಾರದ ನಾಲ್ಕು ದಿನಗಳ ದೂಳಿಗೆ ಯಂತ್ರ, ಬರುವ ಮೂರು ದಿನ ಈ ಕೆಲಸಗಳು ಎಂದು ಹಂಚಿಕೊಡಿ, ಸಂಬಳಕ್ಕೆ ಕೈ ಹಾಕಬೇಡಿ. ಅಗ್ರಹಾರದ ಆ ಚಿನ್ನದ ಗುಂಡಿನ ಕಥೆಯಲ್ಲಿ ಒಂದು ಮಾತು ಬಿಟ್ಟಿದ್ದೆ. ಗುಂಡು ಕಳೆದ ವಾರವೇ ಆ ಮನೆಯಲ್ಲಿ ಕೆಲಸದವರನ್ನು ಬದಲಿಸಿದ್ದರು. ಗುಂಡನ್ನು ಪೊಟ್ಟಣ ಕಟ್ಟಿ ಕೊಡುವಾಗ ಆ ತಾಯಿ ನನ್ನ ಮುಖ ನೋಡಲಿಲ್ಲ.

ಯಾವ ಕಂಪನಿ ಎಂದರೆ, ರೋಬೊರಾಕ್, ಇಕೋವ್ಯಾಕ್ಸ್, ಡ್ರೀಮಿ, ಷವೋಮಿ, ಯುರೇಕಾ ಫೋರ್ಬ್ಸ್ ಇವೆಲ್ಲವುಗಳ ಯಂತ್ರಗಳೂ ಇಲ್ಲಿ ಮಾರಾಟಕ್ಕೆ ಬಂದಿವೆ. ಮಾದರಿಯ ಹೆಸರು ಹೇಳುವುದಿಲ್ಲ, ನೀವು ಕೊಳ್ಳುವ ಹೊತ್ತಿಗೆ ಅದರ ಜಾಗದಲ್ಲಿ ಇನ್ನೊಂದು ಬಂದಿರುತ್ತದೆ. ನಿಮ್ಮ ಮನೆಗೆ ಬೇಕಾದ್ದು ಲೈಡಾರ್, ರಬ್ಬರ್ ಉರುಳೆ, ದೂಳು ಹೀರುವ ನಿಲ್ದಾಣ, ಗುಡಿಸಿ ಆಮೇಲೆ ಒರೆಸುವ ಆಯ್ಕೆ. ನಿಮ್ಮ 35,000ದ ಮೇಲಂಚಿನಲ್ಲಿ, ಹಬ್ಬದ ರಿಯಾಯಿತಿಯ ದಿನಗಳಲ್ಲಿ, ಇಷ್ಟೂ ಒಂದರಲ್ಲೇ ಸಿಗುತ್ತದೆ. ಹೊಸ್ತಿಲುಗಳೆಲ್ಲ ಎತ್ತರವಾಗಿದ್ದು ಇಳಿಜಾರು ಮಾಡಿಸಲು ಮನಸ್ಸಿಲ್ಲವಾದರೆ ಯಂತ್ರವೇ ಬೇಡ, ಉದ್ದ ಕೋಲಿನ ತಂತಿರಹಿತ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಿ, ನಿಂತೇ ಗುಡಿಸಬಹುದು. ದುಡ್ಡು ಕೊಡುವ ಮೊದಲು ಗ್ರಾಹಕ ಸೇವೆಗೆ ಫೋನು ಮಾಡಿ ಎರಡು ಪ್ರಶ್ನೆ ಕೇಳಿ: ಮಂಡ್ಯದ ಪಿನ್‌ಕೋಡಿಗೆ ಬಂದು ಯಂತ್ರ ಒಯ್ಯುತ್ತೀರಾ, ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ. ಮೂರು ನಾಲ್ಕು ವರ್ಷಕ್ಕೆ ಬ್ಯಾಟರಿ ಸೊರಗುವುದು ಖಂಡಿತ. ಸಿಗದಿದ್ದರೆ ಅಷ್ಟೂ ಯಂತ್ರ ಗುಜರಿಗೆ.

ಯಂತ್ರ ಮನೆಗೆ ಬಂದ ದಿನವೇ ಹಿಂದಿರುಗಿಸುವ ಗಡುವು ಎಷ್ಟು ದಿನ ಎಂದು ನೋಡಿ, ಪೆಟ್ಟಿಗೆಯನ್ನೂ ಥರ್ಮೊಕೋಲನ್ನೂ ಹಾಗೆಯೇ ಇಟ್ಟುಕೊಳ್ಳಿ. ನೆಲದ ಮೇಲಿನ ಚಾರ್ಜರ್ ವೈರು, ಜಮಖಾನದ ಕುಚ್ಚು, ಚಪ್ಪಲಿ ಎಲ್ಲ ಎತ್ತಿ. ಮೊದಲು ಬರೀ ನಕ್ಷೆ ಬರೆಯಲು ಬಿಟ್ಟು, ಎಲ್ಲ ಹೊಸ್ತಿಲುಗಳನ್ನೂ ಹತ್ತಿ ಇಳಿಯಿತೇ ಎಂದು ಜೊತೆಯಲ್ಲೇ ನಡೆದು ನೋಡಿ. ಆಮೇಲೆ ಅಡುಗೆಮನೆಯ ಕಡಪ ಕಲ್ಲಿನ ನಟ್ಟನಡುವೆ ಒಂದು ಚಮಚ ಸಾಸಿವೆ ಚೆಲ್ಲಿ ಓಡಿಸಿ. ಕಲ್ಲಿನ ಮೇಲೆ ಹೆದರದೆ ಹೋಗುತ್ತದೆಯೋ ಇಲ್ಲವೋ ಮೊದಲ ನಿಮಿಷಕ್ಕೇ ತಿಳಿಯುತ್ತದೆ. ಪಕ್ಕದ ಪುಟ್ಟ ಬ್ರಷ್ ಸಾಸಿವೆಯನ್ನು ಒಳಕ್ಕೆ ತಳ್ಳುತ್ತದೆಯೋ, ಕೋಣೆಯ ನಾಲ್ಕೂ ಮೂಲೆಗೆ ಎರಚುತ್ತದೆಯೋ ಎರಡನೆಯ ನಿಮಿಷಕ್ಕೆ ತಿಳಿಯುತ್ತದೆ. ಎರಚಿದರೆ ಬ್ರಷ್‌ನ ವೇಗ ತಗ್ಗಿಸುವ ಆಯ್ಕೆ ಇದೆಯೇ ನೋಡಿ, ಇಲ್ಲದಿದ್ದರೆ ಅಂದೇ ಪೆಟ್ಟಿಗೆಗೆ ತುಂಬಿ ಹಿಂದಿರುಗಿಸಿ. ಸಾಸಿವೆಯನ್ನು ಮಾತ್ರ ಮನೆಯವರನ್ನು ಕೇಳಿಯೇ ಡಬ್ಬಿಯಿಂದ ತೆಗೆದುಕೊಳ್ಳಿ.